ಶೆವೆಲ್ ಕಾರಿನ ದಮ್ಮು ಕಟ್ಟಿಸಿದ್ದು ಯಾರು? ಎಡ್ ಕೋಲ್ ಎಂಬ ಎಂಜಿನಿಯರನ ಕತೆ

ಹಳೇ ಅಮೆರಿಕನ್ ಕಾರುಗಳ ಹುಚ್ಚು ಹಿಡಿದವರ ಜೊತೆ ಹತ್ತು ನಿಮಿಷ ಕೂತರೆ ಸಾಕು, ಒಂದು ಕತೆ ಕಿವಿಗೆ ಬಿದ್ದೇ ಬೀಳುತ್ತೆ. 1970ರವರೆಗೆ ಎಲ್ಲ ಸುಭಿಕ್ಷವಾಗಿತ್ತಂತೆ. ಎರಡು ಬಾಗಿಲಿನ, ಮಧ್ಯಮ ಗಾತ್ರದ ಕೂಪೆ ಕಾರಿನೊಳಗೆ ಲಾರಿ ಎಳೆಯುವಷ್ಟು ದೊಡ್ಡ ವಿ-8 ಎಂಜಿನ್ ಕೂರಿಸಿ, ಕಾರ್ಖಾನೆ ಕೆಲಸಗಾರನ ಮಗನೂ ಕೊಳ್ಳಬಹುದಾದ ಬೆಲೆಗೆ ಮಾರ್ತಿದ್ರಂತೆ. ಆಮೇಲೆ ವಾಷಿಂಗ್ಟನ್ನಿನ ಅಧಿಕಾರಿಗಳು, ಪರಿಸರವಾದಿಗಳು, ರಾಲ್ಫ್ ನೇಡರ್ ಎಂಬ ವಕೀಲ ಎಲ್ಲ ಸೇರಿ ಅದನ್ನ ಕೊಂದುಹಾಕಿದ್ರಂತೆ. ಕೇಳೋಕೆ ಚೆನ್ನಾಗಿರುವ ಕತೆ. ಸರ್ಕಾರ ಮೂಗು ತೂರಿಸಿದ ಕಡೆ ಒಳ್ಳೆಯದೆಲ್ಲ ಕೆಡುತ್ತೆ ಅನ್ನುವ ದೊಡ್ಡ ರಾಜಕೀಯ ವಾದಕ್ಕೆ ಇದೊಂದು ಪುಟ್ಟ, ಹೊಳೆಯುವ ಸಾಕ್ಷಿ.

ನನಗೂ ಆ ಕಾರುಗಳ ಹುಚ್ಚಿದೆ. ಎಡಪಂಥೀಯ ಗೆಳೆಯರ ಮುಂದೆ ಇದನ್ನ ಒಪ್ಪಿಕೊಂಡಾಗೆಲ್ಲ ಅವರು ನನ್ನನ್ನ ನೋಡೋ ರೀತಿಯೇ ಬೇರೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವ ಕಬ್ಬಿಣದ ಮೇಲೆ ಎಂಥ ಪ್ರೀತಿ ನಿಂದು ಅಂತಾರೆ. ಇರಲಿ, ಹುಚ್ಚು ಹುಚ್ಚೇ. ಆದರೆ ಕಾರು ಕೊಂದವರ ಕತೆಯಲ್ಲಿ ಒಂದು ತಾರೀಖು ಸರಿಯಾಗಿ ಕೂರೋದಿಲ್ಲ. ಅಮೆರಿಕದ ಶುದ್ಧ ವಾಯು ಕಾಯ್ದೆಗೆ ಅಧ್ಯಕ್ಷ ನಿಕ್ಸನ್ ಸಹಿ ಬಿದ್ದದ್ದು 1970ರ ಡಿಸೆಂಬರ್ 31ರಂದು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಮೊದಲು, ಅದೇ ಜನವರಿಯಲ್ಲಿ, ಡೆಟ್ರಾಯಿಟ್‌ನಲ್ಲಿ ಆಟೋಮೊಬೈಲ್ ಎಂಜಿನಿಯರುಗಳ ಸಭೆಯೊಂದರಲ್ಲಿ ಒಬ್ಬ ಮನುಷ್ಯ ಎದ್ದು ನಿಂತು ಪೆಟ್ರೋಲಿನಿಂದ ಸೀಸ ತೆಗೆಯಬೇಕು ಎಂದು ಹೇಳಿಯಾಗಿತ್ತು. ಮರು ತಿಂಗಳು ಅವನ ಕಂಪನಿ, 1971ರ ತನ್ನ ಎಲ್ಲ ಕಾರುಗಳೂ ಕಡಿಮೆ ಆಕ್ಟೇನಿನ, ಸೀಸವಿಲ್ಲದ ಪೆಟ್ರೋಲಿನಲ್ಲಿ ಓಡುವಂತೆ ಎಂಜಿನ್ನುಗಳನ್ನ ಬದಲಿಸುತ್ತೇವೆ ಎಂದು ಘೋಷಿಸಿತು. ಕಂಪನಿ ಜನರಲ್ ಮೋಟರ್ಸ್. ಮನುಷ್ಯ ಅದರ ಅಧ್ಯಕ್ಷ, ಎಡ್ವರ್ಡ್ ನಿಕೊಲಸ್ ಕೋಲ್. ತಮಾಷೆ ಏನಂದ್ರೆ, ಆ ಕಾರುಗಳ ಮೂತಿಯೊಳಗೆ ಗುಡುಗುತ್ತಿದ್ದ ಎಂಜಿನ್ನಿಗೆ ಜನ್ಮ ಕೊಟ್ಟವನೂ ಇವನೇ.

ಕೋಲ್ ಹುಟ್ಟಿದ್ದು 1909ರ ಸೆಪ್ಟೆಂಬರ್ 17, ಮಿಷಿಗನ್ ರಾಜ್ಯದ ಮಾರ್ನ್ ಎಂಬ ಹಳ್ಳಿಯಲ್ಲಿ. ಅಪ್ಪ ಹೈನುಗಾರ. ಹುಡುಗ ರೇಡಿಯೋ ಸೆಟ್ಟುಗಳನ್ನ ತಾನೇ ಜೋಡಿಸಿ ಊರವರಿಗೆ ಮಾರುತ್ತಿದ್ದ. ಓದಿ ವಕೀಲನಾಗಬೇಕು ಅನ್ನೋದು ಆಸೆ. ಕಾಲೇಜಿಗೆ ಹೋಗುತ್ತಾ ಕೈಖರ್ಚಿಗೆ ಅಂತ ಕಾರಿನ ಬಿಡಿಭಾಗಗಳ ಅಂಗಡಿ ಸೇರಿದ್ದೇ ದಾರಿ ತಪ್ಪಿಸಿತು. 1930ರಲ್ಲಿ ಫ್ಲಿಂಟ್ ಊರಿನ ಜನರಲ್ ಮೋಟರ್ಸ್ ಇನ್‌ಸ್ಟಿಟ್ಯೂಟ್ ಸೇರಿದ. ಕೆಲವು ವಾರ ಪಾಠ, ಕೆಲವು ವಾರ ಕಾರ್ಖಾನೆ ಅನ್ನುವ ಪದ್ಧತಿ ಅಲ್ಲಿನದು. ಕ್ಯಾಡಿಲ್ಯಾಕ್ ವಿಭಾಗದವರು ಓದು ಮುಗಿಯೋವರೆಗೂ ಕಾಯಲಿಲ್ಲ, ಎತ್ತಿಕೊಂಡು ಹೋದರು. ಅಮೆರಿಕದಲ್ಲಿ ಮಹಾ ಕುಸಿತದ ಕಾಲ ಅದು. ಕೆಲಸ ಸಿಕ್ಕಿದ್ದೇ ಪುಣ್ಯ.

ಅದೇ ಫ್ಲಿಂಟ್‌ನಲ್ಲಿ 1936ರ ಕೊನೆಯ ದಿನಗಳಲ್ಲಿ ಇನ್ನೊಂದು ಕತೆ ನಡೀತು. ಕೋಲ್‌ನ ಜೀವನಚರಿತ್ರೆಗಳಲ್ಲಿ ಇದು ಸಾಮಾನ್ಯವಾಗಿ ಬರೋದಿಲ್ಲ, ಆದರೆ ನನಗೆ ಇದಿಲ್ಲದೆ ಅವನ ಎಂಜಿನ್ ಅರ್ಥವಾಗೋದಿಲ್ಲ. ಕಾರ್ಮಿಕರು ಕಾರ್ಖಾನೆ ಬಿಟ್ಟು ಹೊರಗೆ ಬರುವ ಬದಲು ಒಳಗೇ ಕೂತು ಮುಷ್ಕರ ಹೂಡಿದರು. 44 ದಿನ. 1937ರ ಫೆಬ್ರವರಿ 1ರಂದು ಶೆವ್ರೊಲೆ ಎಂಜಿನ್ ತಯಾರಾಗುತ್ತಿದ್ದ 4ನೇ ಘಟಕವನ್ನೇ ವಶ ಮಾಡಿಕೊಂಡಾಗ ಆಟ ತಿರುಗಿತು. ಹತ್ತು ದಿನದೊಳಗೆ ಜಿಎಂ ಮಣಿದು ಯುನೈಟೆಡ್ ಆಟೋ ವರ್ಕರ್ಸ್ ಸಂಘಟನೆಗೆ ಮಾನ್ಯತೆ ಕೊಟ್ಟಿತು. 1950ರಲ್ಲಿ ವಾಲ್ಟರ್ ರೂಥರ್ ನಾಯಕತ್ವದಲ್ಲಿ ಐದು ವರ್ಷದ ಒಪ್ಪಂದ ಆಯಿತು: ಪಿಂಚಣಿ, ಬೆಲೆಯೇರಿಕೆಗೆ ತಕ್ಕ ಸಂಬಳ. ಕಾರು ಮಾಡುವವನು ತಾನು ಮಾಡಿದ ಕಾರನ್ನ ಕೊಳ್ಳುವ ಸ್ಥಿತಿಗೆ ಬಂದದ್ದು ಹೀಗೆ. ವಿ-8 ಕೂಪೆಗಳನ್ನ ಯಾವುದೋ ಮಾರುಕಟ್ಟೆಯ ಮಾಯೆ ಸೃಷ್ಟಿಸಿತು ಅನ್ನೋರು ಈ 44 ದಿನಗಳನ್ನ ನೆನಪಲ್ಲಿ ಇಟ್ಕೊಂಡ್ರೆ ಒಳ್ಳೇದು.

ಕೋಲ್ ಆಗ ಡೆಟ್ರಾಯಿಟ್‌ನಲ್ಲಿ, ಕ್ಯಾಡಿಲ್ಯಾಕ್ ಎಂಜಿನ್ನುಗಳ ಜೊತೆ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಕೆಲಸ ಅವನ ಹೆಗಲಿಗೆ ಬಿತ್ತು. ಅಮೆರಿಕದ ಹಗುರ ಟ್ಯಾಂಕುಗಳ ಹಿಂಬದಿಯಲ್ಲಿ ಎರಡೆರಡು ಕ್ಯಾಡಿಲ್ಯಾಕ್ ವಿ-8 ಎಂಜಿನ್ ಕೂರಿಸುತ್ತಿದ್ದರು. ಯುದ್ಧ ಮುಗಿದು 1946ರಲ್ಲಿ ಕ್ಯಾಡಿಲ್ಯಾಕ್‌ನ ಮುಖ್ಯ ಎಂಜಿನಿಯರ್ ಆದ. ಸಹೋದ್ಯೋಗಿ ಹ್ಯಾರಿ ಬಾರ್ ಜೊತೆ ಸೇರಿ 1949ರ ಹೊಸ ವಿ-8 ತಂದ. ಹಳೆಯದಕ್ಕಿಂತ ಸುಮಾರು 90 ಕಿಲೋ ಹಗುರ, ಶಕ್ತಿ ಹೆಚ್ಚು. ಅಮೆರಿಕದ ಮುಂದಿನ ಮೂವತ್ತು ವರ್ಷದ ಎಂಜಿನ್ನುಗಳಿಗೆಲ್ಲ ಅದೇ ನಕಾಶೆ.

ಇಲ್ಲಿ ಸ್ವಲ್ಪ ಎಂಜಿನ್ ವಿಷಯ ಹೇಳಲೇಬೇಕು, ಸಹಿಸಿಕೊಳ್ಳಿ. ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನ ಪಿಸ್ಟನ್ ಹಿಂಡುತ್ತೆ. ಎಷ್ಟು ಹಿಂಡಿದರೆ ಅಷ್ಟು ಶಕ್ತಿ, ಅದೇ ಪೆಟ್ರೋಲಿನಲ್ಲಿ. ಈ ಹಿಂಡುವ ಪ್ರಮಾಣಕ್ಕೆ ಕಂಪ್ರೆಷನ್ ರೇಷಿಯೋ ಅಂತಾರೆ. ಮಿತಿ ಮೀರಿ ಹಿಂಡಿದರೆ ಮಿಶ್ರಣ ಹೊತ್ತಿಗೆ ಮುಂಚೆ ತಾನಾಗೇ ಸಿಡಿದು ಎಂಜಿನ್ನಿನಲ್ಲಿ ಟಕಟಕ ಬಡಿತ ಶುರುವಾಗುತ್ತೆ, ಹಾಗೇ ಬಿಟ್ಟರೆ ಪಿಸ್ಟನ್ ತೂತಾಗುತ್ತೆ. ಈ ಬಡಿತ ನಿಲ್ಲಿಸುವ ಅಗ್ಗದ ಮದ್ದನ್ನ 1921ರಲ್ಲಿ ಜಿಎಂನದೇ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಜ್‌ಲಿ ಕಂಡುಹಿಡಿದಿದ್ದ. ಅದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಸಂಯುಕ್ತ. ಸೀಸ ವಿಷ ಅನ್ನೋದು ರೋಮನ್ನರ ಕಾಲದಿಂದ ಗೊತ್ತಿದ್ದ ಮಾತು. ಜಿಎಂ ಮತ್ತು ಸ್ಟಾಂಡರ್ಡ್ ಆಯಿಲ್ ಸೇರಿ 1924ರಲ್ಲಿ ಕಂಪನಿ ಕಟ್ಟಿದಾಗ ಹೆಸರಿನಲ್ಲಿ ಸೀಸ ಅನ್ನುವ ಪದವೇ ಬರದ ಹಾಗೆ ಈಥೈಲ್ ಎಂದಷ್ಟೇ ಇಟ್ಟರು. ಅದೇ ವರ್ಷ ನ್ಯೂಜೆರ್ಸಿಯ ಘಟಕದಲ್ಲಿ ಈ ರಾಸಾಯನಿಕದಿಂದ ಐವರು ಕಾರ್ಮಿಕರು ಚಿತ್ತಭ್ರಮೆಯಾಗಿ ಸತ್ತರು. ಒಂದಷ್ಟು ದಿನ ಮಾರಾಟ ನಿಂತಿತು, ಸಮಿತಿ ಕೂತಿತು, ಮತ್ತೆ ಶುರುವಾಯಿತು. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಹೀಗಾಗಿ ಕೋಲ್‌ನ ಎಂಜಿನ್ ಹುಟ್ಟಿದ್ದೇ ಸೀಸದ ಮಡಿಲಲ್ಲಿ. 1949ರ ಕ್ಯಾಡಿಲ್ಯಾಕ್ ವಿ-8 ಮೊದಲು 7.5ಕ್ಕೆ 1ರಷ್ಟು ಹಿಂಡುತ್ತಿತ್ತು. ಮುಂದೆ ಪೆಟ್ರೋಲು ಸುಧಾರಿಸಿದಂತೆ ಇನ್ನೂ ಹಿಂಡಲಿ ಎಂದು ಅದರ ಗಟ್ಟಿತನದಲ್ಲಿ ಜಾಗ ಬಿಟ್ಟಿದ್ದರು. ಸುಧಾರಣೆ ಅಂದರೆ ಬಹುಪಾಲು ಇನ್ನಷ್ಟು ಸೀಸ.

1952ರಲ್ಲಿ ಅವನನ್ನ ಶೆವ್ರೊಲೆಗೆ ಮುಖ್ಯ ಎಂಜಿನಿಯರ್ ಮಾಡಿ ಕಳಿಸಿದರು. ಶೆವ್ರೊಲೆ ಆಗ ಬಡವರ, ಹಿರಿಯರ, ಮೇಷ್ಟ್ರುಗಳ ಕಾರು. ಆರು ಸಿಲಿಂಡರಿನ ಎಂಜಿನ್, ನಂಬಿಕಸ್ತ, ಸಪ್ಪೆ. ಒಂದು ಸಣ್ಣ ವಿ-8ರ ನಕ್ಷೆ ಆಗಲೇ ಅಲ್ಲಿತ್ತು. ಕೋಲ್ ಅದನ್ನ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿಸಿದ. ಮೊದಲ ಗೆರೆ ಎಳೆದ ದಿನದಿಂದ ಯಂತ್ರೋಪಕರಣಕ್ಕೆ ಆದೇಶ ಕೊಡೋವರೆಗೆ ಸುಮಾರು 15 ವಾರ! ಇವತ್ತು ಕಂಪ್ಯೂಟರ್ ಇಟ್ಟುಕೊಂಡೂ ಇಷ್ಟು ಬೇಗ ಆಗೋದಿಲ್ಲ.

ಈ ಎಂಜಿನ್ನಿನ ಜಾಣತನ ಇರೋದು ಶಕ್ತಿಯಲ್ಲಿ ಅಲ್ಲ, ಜಿಪುಣತನದಲ್ಲಿ. ನನಗೆ ಅತಿ ಇಷ್ಟವಾದ ಭಾಗ ಇದೇ. ಕವಾಟಗಳನ್ನ ಒತ್ತುವ ರಾಕರ್ ಆರ್ಮುಗಳನ್ನ ಆವರೆಗೆ ಒಂದು ಉದ್ದ ದಂಡಕ್ಕೆ ಪೋಣಿಸುತ್ತಿದ್ದರು. ಪ್ರತಿಯೊಂದನ್ನೂ ಎರಕ ಹೊಯ್ದು ಕೊರೆದು ಮಾಡಬೇಕು. ಇಲ್ಲಿ ತಗಡನ್ನ ಅಚ್ಚೊತ್ತಿ, ಒಂದೊಂದನ್ನೂ ಒಂದೊಂದು ಬೋಲ್ಟಿನ ಮೇಲೆ ಕೂರಿಸಿಬಿಟ್ಟರು. ಆ ಉಪಾಯ ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳದು, ಕೋಲ್ ತಂಡ ಎರವಲು ತಂದಿದ್ದು. ಸಿಲಿಂಡರ್ ಬ್ಲಾಕಿನ ಎರಕಕ್ಕೆ ಬೇಕಾಗುವ ಮರಳಿನ ಅಚ್ಚುಗಳ ಸಂಖ್ಯೆ ಇಳಿಸಿದರು, ಗೋಡೆಗಳನ್ನ ತೆಳುವಾಗಿಸಿದರು. ಕೊನೆಗೆ ಎಂಟು ಸಿಲಿಂಡರಿನ ಈ ಎಂಜಿನ್ ಹಳೇ ಆರು ಸಿಲಿಂಡರಿನದಕ್ಕಿಂತ ಹಗುರವಾಗಿತ್ತು. 4.3 ಲೀಟರ್, 162 ಅಶ್ವಶಕ್ತಿ. ಸ್ವಲ್ಪ ಹೆಚ್ಚು ಕೊಟ್ಟರೆ 180. ಆರರ ಬದಲು ಎಂಟು ಬೇಕು ಅಂದರೆ ಗಿರಾಕಿ ಕೊಡಬೇಕಾದದ್ದು ಸುಮಾರು 100 ಡಾಲರ್ ಹೆಚ್ಚು. 1955ರಲ್ಲಿ ಶೆವ್ರೊಲೆ 17 ಲಕ್ಷ ಕಾರು ಮಾಡಿತು. ಶ್ರೀಮಂತರ ಕ್ಯಾಡಿಲ್ಯಾಕ್‌ನಲ್ಲಿದ್ದ ಸುಖ ಬಡಾವಣೆಯ ಮನೆಮನೆಗೂ ಬಂತು. ಅಭಿಮಾನಿಗಳು ಇದನ್ನ ಸ್ಮಾಲ್ ಬ್ಲಾಕ್ ಅಂತಾರೆ. ಇದೇ ವಿನ್ಯಾಸ ಮತ್ತು ಅದರ ಪೀಳಿಗೆಯ 10 ಕೋಟಿಯ ಎಂಜಿನ್ ತಯಾರಾದದ್ದು 2011ರಲ್ಲಿ.

ಮುಂದಿನದು ಏಣಿ ಹತ್ತಿದ ಕತೆ. 1956ರಲ್ಲಿ ಶೆವ್ರೊಲೆಯ ಮುಖ್ಯಸ್ಥ, 1959ರಲ್ಲಿ ಟೈಮ್ ಪತ್ರಿಕೆಯ ಮುಖಪುಟ, 1961ರಿಂದ ಜಿಎಂನ ಕಾರು ಮತ್ತು ಟ್ರಕ್ಕುಗಳೆಲ್ಲಕ್ಕೂ ಮೇಲಧಿಕಾರಿ, 1967ರ ಅಕ್ಟೋಬರಿನಲ್ಲಿ ಕಂಪನಿಯ ಅಧ್ಯಕ್ಷ.

ಆ ಮುಖಪುಟಕ್ಕೆ ಕಾರಣವಾದ ಕಾರೇ ಅವನ ಮೊದಲ ದೊಡ್ಡ ಕಳಂಕ. ಕೊರ್ವೇರ್. ಎಂಜಿನ್ ಹಿಂದೆ, ತಂಪಿಗೆ ನೀರಿಲ್ಲ, ಬರೀ ಗಾಳಿ, ಮೈಯೆಲ್ಲ ಅಲ್ಯೂಮಿನಿಯಂ; ಡೆಟ್ರಾಯಿಟ್‌ನ ಸಂಪ್ರದಾಯಕ್ಕೆ ಪೂರಾ ಉಲ್ಟಾ. ಹಿಂಬದಿ ಭಾರವಿರುವ ಕಾರು ತಿರುವಿನಲ್ಲಿ ಬಾಲ ಎಸೆಯದಂತೆ ಮುಂದೆ ಒಂದು ಉಕ್ಕಿನ ಸರಳು ಹಾಕಬೇಕಿತ್ತು. ಕೆಲವೇ ಡಾಲರಿನ ವಸ್ತು. ಹಾಕಲಿಲ್ಲ. ಬದಲಿಗೆ ಮುಂದಿನ ಟೈರಿಗೆ ಕಡಿಮೆ, ಹಿಂದಿನದಕ್ಕೆ ಹೆಚ್ಚು ಗಾಳಿ ತುಂಬಿಸಿ ಎಂದು ಕೈಪಿಡಿಯಲ್ಲಿ ಬರೆದರು. ಪೆಟ್ರೋಲ್ ಬಂಕಿನ ಹುಡುಗ ಕೈಪಿಡಿ ಓದುತ್ತಾನಾ? 1964ರ ಮಾದರಿಗೆ ಆ ಸರಳು ಬಂತು, 1965ಕ್ಕೆ ಹಿಂದಿನ ಸಸ್ಪೆನ್ಷನ್ನೇ ಬದಲಾಯಿತು. ಅದೇ 1965ರ ನವೆಂಬರಿನಲ್ಲಿ ನೇಡರ್‌ನ ಪುಸ್ತಕ ಹೊರಬಿತ್ತು, ಮೊದಲ ಅಧ್ಯಾಯವೇ ಕೊರ್ವೇರ್. ಜಿಎಂ ಉತ್ತರ ಕೊಡುವ ಬದಲು ನೇಡರ್ ಹಿಂದೆ ಖಾಸಗಿ ಪತ್ತೇದಾರರನ್ನ ಬಿಟ್ಟಿತು. ಅದು ಬಯಲಾಗಿ 1966ರ ಮಾರ್ಚಿನಲ್ಲಿ ಆಗಿನ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತಾ ಕಾಯ್ದೆ ಬಂತು. 1972ರಲ್ಲಿ ಸರ್ಕಾರಿ ಸಂಸ್ಥೆಯ ಪರೀಕ್ಷೆ ಕೊರ್ವೇರ್ ತನ್ನ ಕಾಲದ ಬೇರೆ ಕಾರುಗಳಿಗಿಂತ ಹೆಚ್ಚು ಅಪಾಯಕಾರಿ ಅಲ್ಲ ಎಂದಿತು. ಅಭಿಮಾನಿಗಳು ಇದನ್ನ ಎತ್ತಿ ಹಿಡೀತಾರೆ. ನನಗೆ ಅದು ಸಮರ್ಥನೆ ಅನ್ನಿಸೋದಿಲ್ಲ, ಉಳಿದವೂ ಹಾಗೇ ಇದ್ದವು ಅನ್ನೋದಷ್ಟೇ ಅದರ ಅರ್ಥ.

ಈ ಗಲಾಟೆಯ ನಡುವೆಯೇ ನಮ್ಮ ಮಧ್ಯಮ ಗಾತ್ರದ ಕೂಪೆಗಳ ಹೊನ್ನಿನ ಕಾಲ ಬಂತು. ಮಧ್ಯಮ ಕಾರಿನಲ್ಲಿ 330 ಘನ ಇಂಚು, ಅಂದರೆ 5.4 ಲೀಟರಿಗಿಂತ ದೊಡ್ಡ ಎಂಜಿನ್ ಬೇಡ ಅನ್ನೋದು ಜಿಎಂ ಒಳಗಿನ ಕಟ್ಟಳೆ. 1964ರಲ್ಲಿ ಪಾಂಟಿಯಾಕ್‌ನ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 389 ಘನ ಇಂಚಿನ ಎಂಜಿನ್ನನ್ನ ಟೆಂಪೆಸ್ಟ್ ಕಾರಿಗೆ ಬರೀ ಐಚ್ಛಿಕ ಸಾಮಾನು ಎಂದು ತೋರಿಸಿ ಕಟ್ಟಳೆಯ ಕಣ್ಣಿಗೆ ಮಣ್ಣೆರಚಿದರು. ಅದೇ ಜಿಟಿಒ. ಗಿರಾಕಿಗಳು ಮುಗಿಬಿದ್ದರು, ಮೇಲಿನವರು ಸುಮ್ಮನಾದರು. ಅದೇ ವರ್ಷ ಬಂದ ಶೆವೆಲ್‌ಗೂ ದೊಡ್ಡ ಎಂಜಿನ್ನುಗಳ ಸಾಲು ಬಂತು: ಕೋಲ್‌ನ ಸ್ಮಾಲ್ ಬ್ಲಾಕಿನ 283, 327, ಆಮೇಲೆ 350, ಇನ್ನೊಂದು ವಂಶದ ದೈತ್ಯ 396. 1970ಕ್ಕೆ ಎಲ್ಲ ಮಿತಿ ತೆಗೆದು 454 ಘನ ಇಂಚಿನದನ್ನೇ ಇಟ್ಟರು. 7.4 ಲೀಟರ್! ನಮ್ಮ ಮಾರುತಿ 800ರ ಒಂಬತ್ತು ಎಂಜಿನ್ ಸೇರಿಸಿದರೂ ಅಷ್ಟಾಗೋದಿಲ್ಲ. ಕಂಪ್ರೆಷನ್ 11.25ಕ್ಕೆ 1, ಕಾಗದದ ಮೇಲೆ 450 ಅಶ್ವಶಕ್ತಿ.

ಡೆಟ್ರಾಯಿಟ್ ಪಕ್ಕದ ಊರೊಂದರಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೆ. ಅಲ್ಲಿನ ಕಾರು ಕಂಪನಿಗಳಲ್ಲಿ ಕನ್ನಡದ ಎಂಜಿನಿಯರುಗಳಿಗೇನೂ ಕೊರತೆಯಿಲ್ಲ. ಪ್ರತಿ ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯುದ್ದಕ್ಕೂ ಹಳೇ ಕಾರುಗಳ ಜಾತ್ರೆ ನಡೆಯುತ್ತೆ. 1970ರ ಶೆವೆಲ್ ಒಂದು ಸಿಗ್ನಲ್ಲಿನಲ್ಲಿ ನಿಂತು ಗುರುಗುಟ್ಟುವಾಗ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತೆ. ಕಪ್ಪು ಪಟ್ಟೆಯ ಆ ಉದ್ದ ಮೂತಿ, ಗಿಡ್ಡ ಹಿಂಬದಿ, ಹೆಗಲ ಹತ್ತಿರ ಉಬ್ಬಿದ ಲೋಹ. ನಾಚಿಕೆ ಬಿಟ್ಟು ಹೇಳ್ತೀನಿ, ಕಣ್ಣು ತುಂಬಿ ಬರುತ್ತೆ. ಸ್ವಲ್ಪ ಹೊತ್ತಿಗೆ ಕಣ್ಣು ಉರಿಯೋಕೂ ಶುರುವಾಗುತ್ತೆ. ಅರ್ಧಂಬರ್ಧ ಉರಿದ ಪೆಟ್ರೋಲಿನ ವಾಸನೆ ಅದು. ಈ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಇಲ್ಲವಲ್ಲ. ಆ ವಾಸನೆ ನನಗೆ ಇಷ್ಟ, ಸುಳ್ಳು ಹೇಳೋಲ್ಲ. ವರ್ಷಕ್ಕೊಂದು ದಿನ ಅದು ಜಾತ್ರೆ. 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿ ಅದೇ ದಿನನಿತ್ಯದ ಉಸಿರಾಗಿತ್ತು, ಜೊತೆಗೆ ಸೀಸವೂ ಸೇರಿ.

ಕಂಪನಿಗಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1969ರ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಜಿಎಂ, ಫೋರ್ಡ್, ಕ್ರೈಸ್ಲರ್, ಅಮೆರಿಕನ್ ಮೋಟರ್ಸ್ ನಾಲ್ಕರ ಮೇಲೂ ಮೊಕದ್ದಮೆ ಹೂಡಿತು. ಹೊಗೆ ತಡೆಯುವ ಸಾಧನಗಳನ್ನ ಯಾರೂ ಮೊದಲು ತರದ ಹಾಗೆ ಎಲ್ಲರೂ ಒಳಒಪ್ಪಂದ ಮಾಡಿಕೊಂಡು ವರ್ಷಗಟ್ಟಲೆ ತಡಮಾಡಿದ್ದಾರೆ ಅನ್ನೋದು ಆರೋಪ. ಅದೇ ವರ್ಷ ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡರು. ಆಗ ಜಿಎಂನ ಅಧ್ಯಕ್ಷನ ಕುರ್ಚಿಯಲ್ಲಿದ್ದವನು ಕೋಲ್.

ಹಾಗಾಗಿ 1970ರ ಜನವರಿಯ ಭಾಷಣವನ್ನ ಜ್ಞಾನೋದಯ ಅಂತ ಓದಬೇಡಿ. ಅದರ ಹಿಂದೆ ಒಂದು ಲೆಕ್ಕ ಇತ್ತು. ಕಾನೂನು ಬರೋದು ಖಚಿತ ಅಂತ ಕಾಣ್ತಿತ್ತು. ಹೊಗೆಯನ್ನ ಶುದ್ಧ ಮಾಡಲು ಸಿಗಬಹುದಾದ ಒಳ್ಳೇ ಉಪಾಯ ಕೆಟಲಿಟಿಕ್ ಕನ್ವರ್ಟರ್: ಹೊಗೆ ಕೊಳವೆಯ ದಾರಿಯಲ್ಲಿ ಪ್ಲಾಟಿನಂ ಲೇಪಿಸಿದ ಗುಳಿಗೆಗಳನ್ನ ತುಂಬಿದ ಡಬ್ಬಿ, ಅದರ ಮೇಲೆ ಹಾದುಹೋಗುವ ವಿಷಾನಿಲಗಳು ಉರಿದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಸೀಸ ಬೆರೆತ ಹೊಗೆ ಹೋದರೆ ಪ್ಲಾಟಿನಂ ಮೇಲೆ ಸೀಸ ಮೆತ್ತಿಕೊಂಡು ಡಬ್ಬಿ ಸತ್ತುಹೋಗುತ್ತೆ. ಸೀಸ ಹೋಗದೆ ಡಬ್ಬಿ ಬರುವಂತಿಲ್ಲ. ಸೀಸ ಹೋದರೆ ಆಕ್ಟೇನ್ ಇಳಿಯುತ್ತೆ, ಆಕ್ಟೇನ್ ಇಳಿದರೆ ಕಂಪ್ರೆಷನ್ ಇಳಿಸಲೇಬೇಕು. ಎರಡು ದಶಕ ಹಟ ಹಿಡಿದು ಏರಿಸಿದ ಅಂಕಿಯನ್ನ ಅದೇ ಎಂಜಿನಿಯರ್ ತನ್ನ ಕೈಯಾರೆ ಇಳಿಸಬೇಕು. ಜಿಎಂ 1962ರಲ್ಲೇ ಈಥೈಲ್ ಕಂಪನಿಯಲ್ಲಿದ್ದ ತನ್ನ ಪಾಲನ್ನ ಮಾರಿ ಹೊರಬಂದಿತ್ತು ಅನ್ನೋದನ್ನೂ ಮರೀಬೇಡಿ. 38 ವರ್ಷ ಸೀಸದಲ್ಲಿ ಲಾಭ ಮಾಡಿ, ಪಾಲು ಮಾರಿದ ಎಂಟು ವರ್ಷಕ್ಕೆ ಸೀಸ ಕೆಟ್ಟದ್ದು ಅಂದರು. ಈಥೈಲ್‌ನವರಿಗೆ ಮೈಯೆಲ್ಲ ಉರಿದಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಅವನು ಇಳಿಸಿದ. ಇದನ್ನೂ ನೇರವಾಗಿಯೇ ಹೇಳಬೇಕು. 1971ರ ಜಿಎಂ ಕಾರುಗಳಲ್ಲಿ ಕಂಪ್ರೆಷನ್ 8.5ರ ಆಸುಪಾಸಿಗೆ ಬಂತು. ಶೆವೆಲ್‌ನ 450ರ ಎಂಜಿನ್ ಪಟ್ಟಿಯಿಂದ ಮಾಯ. ದೊಡ್ಡ ಅಂಕಿ 365. ಮರುವರ್ಷ 270. ಈ ಕೊನೆಯ ಇಳಿಕೆ ನೋಡಿ ಅಭಿಮಾನಿಗಳು ಎದೆ ಬಡ್ಕೊಳ್ತಾರೆ, ಆದರೆ ಅದರಲ್ಲಿ ಬಹುಪಾಲು ಅಳತೆಯ ಬದಲಾವಣೆ. ಅಲ್ಲಿಯವರೆಗೆ ಫ್ಯಾನು, ಸೈಲೆನ್ಸರ್ ಏನೂ ಇಲ್ಲದ ಬರಿಯ ಎಂಜಿನ್ನನ್ನ ಅಳೆದು ದೊಡ್ಡ ಸಂಖ್ಯೆ ಬರೆಯುತ್ತಿದ್ದರು. 1972ರಿಂದ ಕಾರಿನಲ್ಲಿ ಇರುವ ಹಾಗೆಯೇ ಅಳೆದು ಬರೆದರು. ಹಳೇ ಸಂಖ್ಯೆಗಳು ಒಂದು ರೀತಿ ಚುನಾವಣಾ ಪ್ರಣಾಳಿಕೆ ಇದ್ದ ಹಾಗೆ. ಇದಲ್ಲದೆ ವಿಮಾ ಕಂಪನಿಗಳು ಇಂಥ ಕಾರು ಕೊಳ್ಳುವ ಎಳೆಯರ ಮೇಲೆ ಆಗಲೇ ಪ್ರೀಮಿಯಂ ಬರೆ ಹಾಕಿದ್ದವು. ಅರಬ್ ದೇಶಗಳ ತೈಲ ನಿರ್ಬಂಧ ಬಂದದ್ದು 1973ರ ಅಕ್ಟೋಬರಿನಲ್ಲಿ, ಅಷ್ಟೊತ್ತಿಗೆ ಕತೆ ಮುಗಿದೇ ಹೋಗಿತ್ತು.

ಭಾಷಣ ಮಾಡಿದವನೇ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಮುಖ ತೋರಿಸಿದ. ಸೆನೆಟರ್ ಎಡ್ಮಂಡ್ ಮಸ್ಕಿ ಮುಂದಾಳತ್ವದಲ್ಲಿ ಬಂದ ಕಾಯ್ದೆ 1975ರೊಳಗೆ ಇಂಗಾಲದ ಮೊನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್ ಹೊಗೆಯನ್ನ 90 ಶೇಕಡಾ ಇಳಿಸಿ ಎಂದಾಗ, ಆಗೋದಿಲ್ಲ, ತಂತ್ರಜ್ಞಾನ ಸಿದ್ಧವಿಲ್ಲ ಎಂದು ಜಿಎಂ ಪರವಾಗಿ ವಾದಿಸಿದವರಲ್ಲಿ ಕೋಲ್ ಮುಂದಿದ್ದ. 1973ರಲ್ಲಿ ಒಂದು ವರ್ಷದ ವಿನಾಯಿತಿ ಸಿಕ್ಕಿತು, ಆದರೆ ಮಧ್ಯಂತರ ಮಿತಿಗಳು ಎಷ್ಟು ಬಿಗಿಯಿದ್ದವೆಂದರೆ ಕನ್ವರ್ಟರ್ ಇಲ್ಲದೆ ದಾಟುವುದು ಕಷ್ಟ. ಆಗೋದೇ ಇಲ್ಲ ಅಂದಿದ್ದ ಕಂಪನಿ 1975ರ ತನ್ನ ಹೆಚ್ಚುಕಡಿಮೆ ಎಲ್ಲ ಕಾರುಗಳಿಗೂ ಅದನ್ನ ಹಾಕಿತು. ಅದರಿಂದ ಮೈಲೇಜ್ ಕೂಡ ಸುಧಾರಿಸಿತು. ಹೊಗೆ ತಗ್ಗಿಸಲು ಎಂಜಿನ್ನಿನ ಕತ್ತು ಹಿಸುಕಬೇಕಿದ್ದ ಕೆಲಸವನ್ನ ಈಗ ಡಬ್ಬಿ ನೋಡಿಕೊಳ್ಳುತ್ತಿತ್ತಲ್ಲ. ಕಾನೂನಿನ ಗಡುವು ಇಲ್ಲದಿದ್ದರೆ ಕೋಲ್‌ನ ಎಂಜಿನಿಯರುಗಳು ಈ ಡಬ್ಬಿಯನ್ನ 1975ಕ್ಕೆ ಮುಗಿಸುತ್ತಿದ್ದರು ಅಂತ ನಾನು ನಂಬೋದಿಲ್ಲ. ಹಾಗೇ, ಸೀಸ ತೆಗೀಬೇಕು ಅಂತ ದೇಶದ ಅತಿ ದೊಡ್ಡ ಕಾರು ಕಂಪನಿಯ ಅಧ್ಯಕ್ಷನೇ ಹೇಳದಿದ್ದರೆ ತೈಲ ಕಂಪನಿಗಳನ್ನ ಅಷ್ಟು ಬೇಗ ಬಗ್ಗಿಸೋದು ಯಾವ ಸೆನೆಟರ್ ಕೈಯಲ್ಲೂ ಆಗ್ತಿರಲಿಲ್ಲ. ಕೋಲ್‌ನ ಆತ್ಮಸಾಕ್ಷಿಯನ್ನ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ಅವನು ಯಾವ ಒತ್ತಡಕ್ಕೆ ಯಾವಾಗ ಕದಲಿದ ಅನ್ನೋದು ನನಗೆ ಮುಖ್ಯ.

ಆ ಇಳಿಕೆಯ ಫಲ ರಕ್ತದಲ್ಲಿ ಕಂಡಿತು. 1976ರಿಂದ 1980ರ ನಡುವೆ ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಜನರ ರಕ್ತದ ಸರಾಸರಿ ಸೀಸ ಸುಮಾರು 37 ಶೇಕಡಾ ಇಳಿದಿತ್ತು. ಪೆಟ್ರೋಲಿನ ಸೀಸ ಇಳಿದ ಗೆರೆಯ ಮೇಲೆ ಇಟ್ಟರೆ ಎರಡೂ ಒಟ್ಟಿಗೇ ಇಳಿದಿದ್ದವು. ಪೆಟ್ರೋಲಿನ ಸೀಸಕ್ಕೆ ಮಿತಿ ಹಾಕಿದ ಪರಿಸರ ಸಂರಕ್ಷಣಾ ಸಂಸ್ಥೆಯ ವಿರುದ್ಧ ಈಥೈಲ್ ಕೋರ್ಟಿಗೆ ಹೋಯಿತು. ಹಾನಿ ಪೂರ್ತಿ ಸಾಬೀತಾಗುವವರೆಗೆ ಕಾಯಬೇಕಿಲ್ಲ, ಅಪಾಯದ ಗಟ್ಟಿ ಸೂಚನೆ ಇದ್ದರೆ ಸರ್ಕಾರ ಮುನ್ನೆಚ್ಚರಿಕೆ ವಹಿಸಬಹುದು ಎಂದು 1976ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಪರಿಸರ ಕಾನೂನು ಓದುವವರು ಇವತ್ತಿಗೂ ಆ ತೀರ್ಪನ್ನ ಓದ್ತಾರೆ.

ನಮ್ಮ ಕಡೆ ಇದೆಲ್ಲ ತಲುಪೋಕೆ ಕಾಲು ಶತಮಾನ ಬೇಕಾಯಿತು. ಭಾರತದಲ್ಲಿ ಸೀಸರಹಿತ ಪೆಟ್ರೋಲು 1995ರಲ್ಲಿ ಮೊದಲು ನಾಲ್ಕು ಮಹಾನಗರಗಳಿಗೆ ಬಂತು, ಕನ್ವರ್ಟರ್ ಇರುವ ಹೊಸ ಕಾರುಗಳಿಗೋಸ್ಕರ. ದೇಶಕ್ಕೆಲ್ಲ ಬಂದದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೆ ಒತ್ತಡ ಹಾಕಿದವರಲ್ಲಿ ಬೆಂಗಳೂರಿನವರಿದ್ದರು. ಜಾರ್ಜ್ ಫೌಂಡೇಶನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿಸಿತು, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಅಂದಿನ ಮಿತಿಗಿಂತ ಹೆಚ್ಚು ಸೀಸ ಇತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಈ ಬಗ್ಗೆ ಅಂತಾರಾಷ್ಟ್ರೀಯ ಸಮಾವೇಶ ನಡೆಯಿತು. ಆಗ ನಾನು ಮೈಸೂರು ರಸ್ತೆಯ ಪಕ್ಕದ ಬಾಡಿಗೆ ಮನೆಯಲ್ಲಿ, ಆಟೋಗಳ ಹೊಗೆ ಕುಡಿಯುತ್ತಾ ನಾಲ್ಕನೇ ಕ್ಲಾಸಿನ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ನನ್ನ ರಕ್ತವನ್ನ ಯಾರೂ ಅಳೆಯಲಿಲ್ಲ. ಮಗ್ಗಿ ಹದಿಮೂರರಿಂದ ಮೇಲೆ ನನಗೆ ಇವತ್ತಿಗೂ ಬರೋಲ್ಲ, ಅದಕ್ಕೂ ಸೀಸಕ್ಕೂ ಸಂಬಂಧವಿಲ್ಲ ಅಂತ ಅಮ್ಮನ ವಾದ. ರಸ್ತೆಯಲ್ಲಿ ಓಡುವ ವಾಹನಗಳಿಗೆ ಸೀಸದ ಪೆಟ್ರೋಲು ಮಾರುವುದನ್ನ ಜಗತ್ತಿನ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ಕೋಲ್‌ನ ಅಧ್ಯಕ್ಷಗಿರಿಯ ಉಳಿದ ಭಾಗ ಬೇಗ ಹೇಳಿ ಮುಗಿಸಬಹುದು. ವೇಗಾ ಎಂಬ ಸಣ್ಣ ಕಾರನ್ನ ಮೇಲಿನಿಂದ ಹೇರಿದ. ಅದರ ಅಲ್ಯೂಮಿನಿಯಂ ಎಂಜಿನ್ ಕಾದು ಕೆಟ್ಟಿತು, ಮೈ ತುಕ್ಕು ಹಿಡಿಯಿತು. ಅದನ್ನ ಮಾಡುತ್ತಿದ್ದ ಒಹಾಯೋದ ಲಾರ್ಡ್ಸ್‌ಟೌನ್ ಘಟಕದಲ್ಲಿ ಗಂಟೆಗೆ ಸುಮಾರು 100 ಕಾರು ಹೊರಬೀಳುವಂತೆ ಸಾಲನ್ನ ಓಡಿಸಿದರು. ಅಂದರೆ ಒಬ್ಬ ಕಾರ್ಮಿಕನಿಗೆ ಒಂದು ಕಾರಿನ ಮೇಲೆ ಸಿಗುವುದು 36 ಸೆಕೆಂಡು. 1972ರ ಮಾರ್ಚಿನಲ್ಲಿ ಅಲ್ಲಿನ ಎಳೆಯ ಕಾರ್ಮಿಕರು ಮುಷ್ಕರ ಹೂಡಿದರು. ಸಂಬಳಕ್ಕಲ್ಲ, ಆ ವೇಗಕ್ಕೆ. ಉದ್ದ ಕೂದಲಿನ, ವಿಯೆಟ್ನಾಂನಿಂದ ಮರಳಿದ ಹುಡುಗರೂ ಅವರಲ್ಲಿದ್ದರು. ಎಂಜಿನ್ನಿನಲ್ಲಿ ಒಂದು ಗ್ರಾಂ ಹೆಚ್ಚಿದ್ದರೂ ಗುರುತಿಸುತ್ತಿದ್ದ ಕೋಲ್‌ಗೆ ಆ 36 ಸೆಕೆಂಡಿನ ತೂಕ ಕಾಣಲಿಲ್ಲ. ಅವನ ವೃತ್ತಿಯಲ್ಲಿ ನನಗೆ ಅತಿ ಬೇಸರ ತರಿಸುವ ಪುಟ ಇದು, ಕೊರ್ವೇರ್‌ಗಿಂತಲೂ. ಇನ್ನೊಂದು ಕಡೆ, ಉಳಿದ ಕಂಪನಿಗಳು ಗಾಳಿಚೀಲ ಅಂದರೆ ಮೂಗು ಮುರಿಯುತ್ತಿದ್ದಾಗ ಅದರ ಬೆನ್ನಿಗೆ ನಿಂತವನೂ ಇವನೇ. 1973ರಲ್ಲಿ ಸಾವಿರ ಶೆವ್ರೊಲೆ ಕಾರುಗಳಿಗೆ ಹಾಕಿ ರಸ್ತೆಗೆ ಬಿಟ್ಟ. 1974ರಿಂದ ದುಬಾರಿ ಮಾದರಿಗಳಲ್ಲಿ ಮಾರಿದರು, ಸುಮಾರು 10,000 ಕಾರು. ಅವನು ನಿವೃತ್ತನಾದ ಎರಡೇ ವರ್ಷಕ್ಕೆ ಕಂಪನಿ ಅದನ್ನ ಕೈಬಿಟ್ಟಿತು. ಮುಂದೆ ಕಾನೂನು ಕಡ್ಡಾಯ ಮಾಡಿದ ಮೇಲಷ್ಟೇ ಅದು ಎಲ್ಲ ಕಾರಿಗೂ ಬಂದದ್ದು.

1974ರಲ್ಲಿ 65 ತುಂಬಿತು, ನಿಯಮದಂತೆ ಹೊರಬಂದ. ಮನೆಯಲ್ಲಿ ಕೂರುವ ಜಾಯಮಾನವಲ್ಲ. ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಗಳನ್ನ ಮಾಡುತ್ತಿದ್ದ ಚೆಕರ್ ಮೋಟರ್ಸ್ ಸೇರಿದ. ಅದರ ಕಾರ್ಖಾನೆ ಇದ್ದದ್ದು ಕಲಮಜೂನಲ್ಲಿ, ಅವನ ಹುಟ್ಟೂರಿನಿಂದ ದೂರವೇನಲ್ಲ. ತನ್ನ ಎರಡು ಎಂಜಿನ್ನಿನ ವಿಮಾನವನ್ನ ತಾನೇ ಹಾರಿಸಿಕೊಂಡು ಹೋಗಿಬರುವ ಅಭ್ಯಾಸ. 1977ರ ಮೇ 2ರಂದು ಕಲಮಜೂಗೆ ಹೊರಟಿದ್ದ, ಹವೆ ಕೆಟ್ಟಿತ್ತು, ಊರು ತಲುಪುವ ಮೊದಲೇ ವಿಮಾನ ಹೊಲವೊಂದಕ್ಕೆ ಬಿತ್ತು. ವಿಮಾನದಲ್ಲಿ ಅವನೊಬ್ಬನೇ ಇದ್ದ.

ಶೆವೆಲ್ ಹೆಸರಿನ ಕೊನೆಯ ಕಾರುಗಳು ಜೋಡಣೆಯಾಗಿ ಹೊರಬಂದದ್ದೂ ಆ ವರ್ಷವೇ. ಅವುಗಳ ಮೂತಿಯೊಳಗೆ ಇದ್ದದ್ದು 1955ರ ಅದೇ ಸ್ಮಾಲ್ ಬ್ಲಾಕಿನ ವಂಶ, ಕಂಪ್ರೆಷನ್ 8.5. ಸೀಸರಹಿತ ಪೆಟ್ರೋಲು ಮಾತ್ರ ಎಂದು ಟ್ಯಾಂಕಿನ ಮುಚ್ಚಳದ ಹತ್ತಿರ ಚೀಟಿ ಅಂಟಿಸಿದ್ದರು.